ಹೊಟ್ಟೆ ಉಬ್ಬಿದ ಕ್ಲಚ್ಚು

ನಮ್ಮಲ್ಲಿ ಮಗುವಿನ ಜವಳ, ಅಂದರೆ ಹುಟ್ಟುಗೂದಲು, ತೆಗೆಸುವಾಗ ಅದು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕು. ಅಪ್ಪನ ತೊಡೆ ನಡೆಯುವುದಿಲ್ಲ, ಅಜ್ಜನದೂ ನಡೆಯುವುದಿಲ್ಲ. ನನ್ನ ತಂಗಿಗೆ ಇರುವ ಅಣ್ಣ ನಾನೊಬ್ಬನೇ. ಹಾಗಾಗಿ ಅವಳ ಮಗುವಿನ ಜವಳದ ದಿನ ಮಧ್ಯಾಹ್ನ ಹನ್ನೆರಡರೊಳಗೆ ನನ್ನ ತೊಡೆ ಅವಳ ಗಂಡನ ಊರಾದ ತಾಂಡೂರಿನಲ್ಲಿ ಹಾಜರಿರಬೇಕಿತ್ತು. ನನ್ನ ಉಳಿದ ದೇಹದ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಕಲ್ಹೇರ್ ಹತ್ತಿರದ ನಮ್ಮ ಹಳ್ಳಿಯಿಂದ ಹೊರಟೆವು. ಪಕ್ಕದ ಸೀಟಿನಲ್ಲಿ ಕುರಿ ಸಾಕುವ ನಮ್ಮ ಕಾಕಾ. ಹಿಂದಿನ ಸೀಟಿನಲ್ಲಿ ಮಗುವಿಗೆ ಉಡುಗೊರೆಯೆಂದು ಅವರು ಆರಿಸಿದ ಟಗರುಮರಿ. ಅದು ಕಿಟಕಿಯಿಂದ ಮುಖ ಹೊರಗಿಟ್ಟು ಊರನ್ನೆಲ್ಲ ಪರಿಶೀಲಿಸುತ್ತಿತ್ತು. ನಾನು ಜಹೀರಾಬಾದಿನಲ್ಲಿ ಒಂದು ಪತ್ರಿಕೆಯ ವರದಿಗಾರ. ಕ್ಲಚ್ ಪೆಡಲ್ ಸ್ವಲ್ಪ ಮೆತ್ತಗಾಗಿದೆ ಎನಿಸಿದ್ದರಿಂದ ಹಿಂದಿನ ವಾರ ಕಾರನ್ನು ಊರಲ್ಲೇ ಬಿಟ್ಟು ಬಸ್ಸಿನಲ್ಲಿ ಕೆಲಸಕ್ಕೆ ಹೋಗಿದ್ದೆ. ಬಂದ ಮೇಲೆ ನೋಡಿದರಾಯಿತು ಎಂದುಕೊಂಡೆ. ಬಂದ ಮೇಲೆ ನೋಡಲಿಲ್ಲ.

ನಾರಾಯಣಖೇಡ್ ಮಾರುಕಟ್ಟೆಯ ಮುಂದೆ ತೊಗರಿ ಚೀಲಗಳ ಟೆಂಪೋಗಳು ದಾರಿ ಕಟ್ಟಿದ್ದವು. ಗೇರ್ ಬದಲಿಸಲು ಹೋದರೆ ಕರಕರ ಎಂದು ಹಲ್ಲು ಕಡಿದ ಸದ್ದು. ಕ್ಲಚ್ ಒತ್ತಿದೆ, ಪೆಡಲ್ ನೆಲ ಮುಟ್ಟಿತು. ಕಾಲು ತೆಗೆದೆ, ಅದು ನೆಲದಲ್ಲೇ ಮಲಗಿತ್ತು. ಬೂಟಿನ ತುದಿಯಿಂದ ಎಬ್ಬಿಸಿ ನಾಲ್ಕೈದು ಸಲ ಪಟಪಟ ಒತ್ತಿದ ಮೇಲೆ ಒಂದು ಗೇರಿಗಾಗುವಷ್ಟು ಜೀವ ಬಂತು.

ಗಾಡಿ ಬದಿಗೆ ಹಾಕಿ, ಅಭ್ಯಾಸಬಲದಿಂದ ಡೈರಿಯಲ್ಲಿ ಬರೆದೆ: "8.40, ನಾರಾಯಣಖೇಡ್. ಪೆಡಲ್ ಒತ್ತಿದರೆ ನೆಲಕ್ಕೆ. ತಾನಾಗಿ ಮೇಲೆ ಬರುತ್ತಿಲ್ಲ. ಕಾರಣ: ಕ್ಲಚ್ ಪ್ಲೇಟ್ ಸವೆದಿದೆ." ಖಚಿತವಾಗದೆ ಕಾರಣ ಬರೆಯಬಾರದು ಎಂದು ನಾನೇ ಹೊಸಬರಿಗೆ ಹೇಳಿಕೊಡುವವನು.

"ಪ್ಲೇಟ್ ಅಲ್ಲ ತಮ್ಮಾ, ಗಾಳಿ," ಎಂದರು ಕಾಕಾ.

"ಕಾಕಾ, ಇದು ಕುರಿ ಅಲ್ಲ."

"ಹೌದಪಾ. ಕುರಿ ಆಗಿದ್ರ ಇಷ್ಟೊತ್ತಿಗೆ ಎದ್ದು ನಡೀತಿತ್ತು."

ಅವರು ಟಗರುಮರಿಯ ಹಗ್ಗ ಬಿಚ್ಚಿ ಒಂದು ತುದಿಯನ್ನು ಪೆಡಲಿಗೆ ಕಟ್ಟಿ, ಇನ್ನೊಂದನ್ನು ತಮ್ಮ ಕೈಗೆ ಸುತ್ತಿಕೊಂಡರು. ಅಲ್ಲಿಂದ ಜಹೀರಾಬಾದಿನವರೆಗೆ ನಮ್ಮ ಕ್ಲಚ್ಚನ್ನು ಇಬ್ಬರು ನಡೆಸಿದೆವು. ನಾನು ಒತ್ತಿ "ಎಳಿ ಕಾಕಾ!" ಎನ್ನಬೇಕು, ಅವರು ಎಳೆಯಬೇಕು. ಪ್ರತಿ ಸಲ ಹಗ್ಗ ಬಿಗಿಯಾದಾಗಲೂ ಮರಿ ಹಿಂದಿನಿಂದ "ಬ್ಯಾ" ಎನ್ನುತ್ತಿತ್ತು. ತನ್ನನ್ನೇ ಎಳೆಯುತ್ತಿದ್ದಾರೆ ಎಂದು ಅದಕ್ಕೆ ಅನ್ನಿಸಿರಬೇಕು.

ಜಹೀರಾಬಾದಿನ ನನ್ನ ಪರಿಚಯದ ಮೆಕ್ಯಾನಿಕ್, ಬಿಳಿ ಗಡ್ಡದ ಶಾಂತ ಮನುಷ್ಯ, ಬಾಗಿಲು ತೆಗೆದವರು ಮೊದಲು ಹಗ್ಗ ನೋಡಿದರು, ಆಮೇಲೆ ಕಾಕಾನನ್ನು, ಆಮೇಲೆ ಮರಿಯನ್ನು.

"ಯಾರನ್ನ ಕಟ್ಟೀರಿ ಸಾಬ್, ಗಾಡಿನೋ ಟಗರಿನೋ?"

"ಪ್ಲೇಟ್ ಹೋಗೇದ ಅನಸ್ತದ," ಎಂದೆ.

"ಪ್ಲೇಟ್ ಹೋಗಿದ್ರ ಇಂಜಿನ್ ಬರೇ ಒದರ್ತದ, ಗಾಡಿ ಮುಂದ ಹೋಗಲ್ಲ. ಪೆಡಲ್ ಮಲಗಲ್ಲ. ತಡೀರಿ."

ಅವರು ಪೆಡಲಿನ ಕೆಳಗಿನ ಮ್ಯಾಟ್ ಎತ್ತಿ ಕೈಯಾಡಿಸಿದರು, ಒಣಗಿತ್ತು. ಕಾರಿನಡಿ ಹೋಗಿ ಗೇರ್‌ಬಾಕ್ಸಿನ ಬಳಿಯ ಪುಟ್ಟ ಸಿಲಿಂಡರಿನ ರಬ್ಬರ್ ಟೊಪ್ಪಿಗೆ ಸರಿಸಿದರು, ಒದ್ದೆ. ಪೆಡಲ್ ಒತ್ತಿದಾಗ ಮೇಲಿನ ಸಿಲಿಂಡರು ಕೊಳವೆಯಲ್ಲಿರುವ ದ್ರವವನ್ನು ತಳ್ಳಬೇಕು, ಆ ದ್ರವ ಕೆಳಗಿನ ಸಿಲಿಂಡರನ್ನು ತಳ್ಳಬೇಕು, ಅದು ಕ್ಲಚ್ಚನ್ನು ಬಿಡಿಸಬೇಕು. ಕೆಳಗೆ ಸೋರಿದರೆ ಮೇಲೆ ಮಟ್ಟ ಇಳಿದು ಗಾಳಿ ಹೊಗುತ್ತದೆ. ಗಾಳಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಇಷ್ಟನ್ನೂ ಅವರು ಮಲಗಿಕೊಂಡೇ ವಿವರಿಸಿದರು.

"ಅಂದ್ರ ಡಬ್ಬಿ ಖಾಲಿ ಇರ್ಬೇಕು," ಎನ್ನುತ್ತ ಎದ್ದು ಬಾನೆಟ್ ತೆರೆದರು. ಕ್ಲಚ್ಚಿನ ದ್ರವದ ಪುಟ್ಟ ಡಬ್ಬಿ ಕಂಠದವರೆಗೆ ತುಂಬಿತ್ತು. ಬಂಗಾರದ ಬಣ್ಣ. ಬೆರಳು ಅದ್ದಿ ಮೂಸಿದರು. ಇನ್ನೊಮ್ಮೆ ಮೂಸಿದರು.

"ಸಾಬ್, ಇದಕ್ಕ ಬರೇ ಸಾಸಿವಿ ಜೀರಗಿ ಕಮ್ಮಿ ಅದ."

ನಾನು ಕಾಕಾನತ್ತ ತಿರುಗಿದೆ. ಕಾಕಾ ಟಗರುಮರಿಯ ಕಿವಿಯಲ್ಲಿ ಏನನ್ನೋ ಹುಡುಕುತ್ತಿದ್ದರು.

"ಕಾಕಾ?"

"ಹೋದ ವಾರ ನೀ ಬಸ್ಸಿಗೆ ಹೋದ ಮ್ಯಾಲ ಪೆಡಲ್ ಒತ್ತಿ ನೋಡ್ದೆ. ಬುಸ್ ಅಂತು. ಡಬ್ಬಿ ತಳದಾಗ ನಾಕು ಹನಿ ಇತ್ತು, ಮಿಕ್ಕಿದ್ದೆಲ್ಲಾ ಗಾಳಿ. ಹೊಟ್ಟಿ ಉಬ್ಬಿದ ಕುರಿ ಹಿಂಗೇ ಇರ್ತದ. ಗೊಟ್ಟ ತಂದು ಒಂದೀಟು ಕುಸುಬಿ ಎಣ್ಣಿ ಕುಡಿಸ್ದೆ."

ಗೊಟ್ಟ ಎಂದರೆ ಜಾನುವಾರುಗಳ ಬಾಯಿಗೆ ಔಷಧಿ ಹಾಕುವ ಬಿದಿರಿನ ಕೊಳವೆ. ಅದು ಹಿಂದಿನ ಸೀಟಿನ ಮೇಲೆಯೇ ಬಿದ್ದಿತ್ತು. ಬೆಳಗಿನಿಂದ ಕಾರಿನಲ್ಲಿ ಬರುತ್ತಿದ್ದ ಒಗ್ಗರಣೆಯ ವಾಸನೆಗೆ ನಾನು ಜವಳದ ಅಡುಗೆ ನೆನೆದು ಸಂತೋಷಪಟ್ಟಿದ್ದೆ.

"ನನಗ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ. ಊರಮಂದಿನ್ನೆಲ್ಲಾ ಕೇಳ್ತಿ, ಮನಿಯವ್ರನ್ನ ಕೇಳಂಗಿಲ್ಲ."

ಮೆಕ್ಯಾನಿಕ್ ತಲೆಯಾಡಿಸಿದರು. "ರೋಗ ಬರೋಬ್ಬರಿ ಹಿಡದಾರ ನೋಡ್ರಿ, ಗಾಳಿನೇ. ದವಾ ಗಲತ್ ಆತು. ಎಣ್ಣಿ ಕುಡದು ಮ್ಯಾಲಿನ ಸಿಲಿಂಡರಿನ ರಬ್ಬರ್ ಉಬ್ಬ್ಯಾವ. ಅದಕ್ಕ ಪೆಡಲ್ ವಾಪಸ್ ಬರಲ್ಲ."

"ಕುರಿ ಹೊಟ್ಟಿ ಇಳೀತದ, ರಬ್ಬರ್ ಉಬ್ಬತದ?" ಕಾಕಾಗೆ ಇದು ರಬ್ಬರಿನ ಕೃತಘ್ನತೆ ಎನಿಸಿತು.

"ಬ್ರೇಕಿಗೂ ಕುಡಿಸೀರೇನ್ರಿ?"

"ಇಲ್ಲಪಾ. ಅದು ಆರಾಮ ಇತ್ತು."

ಮೆಕ್ಯಾನಿಕ್ ಆದರೂ ಬ್ರೇಕಿನ ಡಬ್ಬಿ ತೆರೆದು, ಮೂಸಿ, ಸಮಾಧಾನಪಟ್ಟರು. ಎರಡೂ ಸಿಲಿಂಡರ್ ಬದಲಿಸಿ ಕೊಳವೆ ತೊಳೆಯಬೇಕು, ಸಾಮಾನು ಸಂಗಾರೆಡ್ಡಿಯಿಂದ ಬರುವಷ್ಟರಲ್ಲಿ ಸಂಜೆಯಾಗುತ್ತದೆ ಎಂದರು. ಹನ್ನೆರಡಕ್ಕೆ ಮುಟ್ಟಿಸುವ ಬಸ್ಸು ಹೋಗಿಯಾಗಿತ್ತು. ಆಗಲೇ ತಂಗಿಯ ಫೋನು.

"ಅಣ್ಣಾ, ಎಲ್ಲಿದ್ದಿ? ಹಜಾಮ ಬಂದು ಕುಂತಾನ. ಹನ್ನೆರಡಕ್ಕ ಅವಗ ಬ್ಯಾರೆ ಕಡಿ ಹೋಗೋದದ. ನಮ್ಮತ್ತಿ ಆಗ್ಲೇ ನಿನ್ನ ಬದ್ಲಿ ತನ್ನ ಅಣ್ಣನ ಮಗನ್ನ ಹೊಸಾ ಪಂಚಾ ಉಡಿಸಿ ಕುಂದ್ರಸ್ಯಾಳ. ತವರಮನಿಯಿಂದ ಒಂದು ತೊಡಿ ಬರಲಿಲ್ಲಂತ ನಾ ಜೀವ ಇರೋತನಾ ಅನ್ನಿಸ್ಕೋಬೇಕು!"

"ಬರ್ಲತ್ತೀನಿ," ಎಂದೆ. ಆ ಕ್ಷಣಕ್ಕೆ ಅದು ದೃಢಪಡದ ಸುದ್ದಿ.

ಹೊಸ ಸಾಮಾನು ಬರುವವರೆಗೆ ಉಬ್ಬಿದ ರಬ್ಬರಿಗೆ ಉಪಾಯವಿಲ್ಲವೆಂದು ಮೆಕ್ಯಾನಿಕ್ ಪೆಡಲಿನ ಹಗ್ಗ ಬಿಚ್ಚಿದರು. "ಕ್ಲಚ್ ಮರ್ತುಬಿಡ್ರಿ. ಒಂದನೇ ಗೇರಿನಾಗ ಇಟ್ಟೇ ಚಾವಿ ತಿರುವ್ರಿ. ಎಗರ್ತದ, ಹೆದರಬ್ಯಾಡ್ರಿ. ಆಮ್ಯಾಲ ರೇಸ್ ಬಿಟ್ಟು ಮೆಲ್ಲಕ ಗೇರ್ ಎಳೀರಿ, ತಾನೇ ಬೀಳ್ತದ. ನಿಂತ್ರಿ ಅಂದ್ರ ಮತ್ತ ಎಗರಬೇಕು. ಅಷ್ಟೇ."

ಕಾರು ಮೂರು ಸಲ ಕಪ್ಪೆಯಂತೆ ಹಾರಿ ತಾಂಡೂರು ರಸ್ತೆ ಹಿಡಿಯಿತು. ಮರಿ ಮುಂದಿನ ಸೀಟಿಗೆ ಬಂದು ಕಾಕಾನ ಮಡಿಲಲ್ಲಿ ಬಿತ್ತು. ಅರ್ಧ ದಾರಿ ಚೆನ್ನಾಗಿಯೇ ಕಳೆಯಿತು. ಆಮೇಲೆ ರಸ್ತೆಯ ತುಂಬ ಕುರಿ ಹಿಂಡು.

ನಾನು ಹೇಗೋ ಒಂದನೇ ಗೇರಿಗೆ ಇಳಿಸಿದೆ. ಕಾರು ಮನುಷ್ಯ ನಡೆಯುವ ವೇಗಕ್ಕೆ ಬಂತು. ಕಾಕಾ ಮರಿಯನ್ನು ನನ್ನ ತೊಡೆಗೆ ವರ್ಗಾಯಿಸಿ, ಬಾಗಿಲು ತೆಗೆದು ಇಳಿದು, ಕಾರಿನ ಮುಂದೆ ನಡೆಯುತ್ತ ನಾಲಿಗೆ ಲೊಚಗುಟ್ಟಿಸಿ "ಹುರ್ರ್ರ್" ಎಂದರು. ಹಿಂಡು ಬೈತಲೆಯಂತೆ ಇಬ್ಭಾಗವಾಯಿತು. ಪೊಲೀಸ್ ಬೆಂಗಾವಲಿನ ಅನೇಕ ಮೆರವಣಿಗೆಗಳನ್ನು ವರದಿ ಮಾಡಿದ್ದೇನೆ. ಇಷ್ಟು ಶಿಸ್ತು ಎಲ್ಲೂ ಕಂಡಿಲ್ಲ.

ಹಿಂಡಿನ ಒಡೆಯ ಕೋಲೆತ್ತಿ ಕೂಗಿದ: "ಏ ಮುತ್ಯಾ, ಗಾಡಿ ನಿಂದ್ರಸು!"

"ನಿಂದ್ರಂಗಿಲ್ಲಪಾ!"

"ಬ್ರೇಕ್ ಇಲ್ಲೇನು?"

"ಬ್ರೇಕ್ ಅದ. ಕ್ಲಚ್ಚಿನಾಗ ಗಾಳಿ ಹೊಕ್ಕದ!"

ಆತ ಗಂಭೀರವಾಗಿ ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿದ.

"ಒಂದೀಟು ಕುಸುಬಿ ಎಣ್ಣಿ ಕುಡಿಸಬೇಕಿಲ್ಲ?"

ಓಡಿ ಬಂದು ಸೀಟಿನಲ್ಲಿ ಕೂತ ಕಾಕಾ ಮರಿಯನ್ನು ಮತ್ತೆ ತಮ್ಮ ಮಡಿಲಿಗೆ ಎಳೆದುಕೊಂಡರು. ಆಮೇಲೆ ಬಹಳ ಹೊತ್ತು ನನ್ನತ್ತಲೇ ನೋಡುತ್ತಿದ್ದರು.

ಹನ್ನೆರಡಕ್ಕೆ ಎಂಟು ನಿಮಿಷವಿರುವಾಗ ತಂಗಿಯ ಮನೆಯ ಶಾಮಿಯಾನದ ಮುಂದೆ ಗೇರಿನಲ್ಲೇ ಬ್ರೇಕ್ ಒತ್ತಿದೆ. ಕಾರು ಒಮ್ಮೆ ನಡುಗಿ ಪ್ರಾಣ ಬಿಟ್ಟಿತು. ಚಪ್ಪರದಡಿ ಹೊಸ ಪಂಚೆಯ ಯುವಕ ತೊಡೆ ಹರವಿ ಕೂತಿದ್ದ. ಮಗು ಅವನತ್ತ ಅರ್ಧ ದಾರಿ ಬಂದಿತ್ತು. ತಂಗಿ ಅದನ್ನು ಅಲ್ಲಿಂದಲೇ ಎತ್ತಿ ತಂದು ನನ್ನ ತೊಡೆಯ ಮೇಲಿಟ್ಟಳು. ನನ್ನ ಪ್ಯಾಂಟಿನ ಮೇಲೆ ಗೊಟ್ಟದಿಂದ ಮರಿಯ ಮೈಗೆ ಹತ್ತಿದ್ದ ಎಣ್ಣೆಯಿತ್ತು, ಮರಿಯ ರೋಮವಿತ್ತು. ಅವಳು ಎರಡನ್ನೂ ನೋಡಿದಳು.

"ಏನಿದು ಅಣ್ಣಾ, ಒಗ್ಗರಣಿ ವಾಸನಿ?"

"ಆಮ್ಯಾಲ ಹೇಳ್ತೀನಿ."

"ಇರ್ಲಿ ಬಿಡು. ತೊಡಿ ಬಂತಲ್ಲ." ಅತ್ತೆಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು.

ಹಜಾಮ ಕತ್ತರಿ ಎತ್ತಿದ. ಮಗು ಕಿರುಚಿತು. ಅಷ್ಟರಲ್ಲಿ ಕಾರಿನಿಂದ ಇಳಿದ ಟಗರುಮರಿ ಸುತ್ತಲೂ ನೋಡಿ, ಆ ಚಪ್ಪರದಲ್ಲಿ ಖಾಲಿಯಿದ್ದ ಏಕೈಕ ತೊಡೆಯನ್ನು ಗುರುತಿಸಿ, ಹೊಸ ಪಂಚೆಯ ಮೇಲೆ ಹತ್ತಿ ಕೂತಿತು.