ಎದುರು ಸಿಕ್ಕರೂ ಮಾತಾಡಿಸದ ದ್ಯಾಮಮ್ಮ

ಬೆಳಗಿನ ಆರೂಕಾಲು. ಭದ್ರಾವತಿ ಬಸ್ ನಿಲ್ದಾಣದ ಟೀ ಅಂಗಡಿ ಪಕ್ಕ ದ್ಯಾಮಮ್ಮ ಊಟದ ಡಬ್ಬಿ ಹಿಡಿದು, ಯಾರನ್ನೂ ನೋಡದವರಂತೆ ನಿಂತಿದ್ದಾರೆ. ಡಬ್ಬಿ ತೆರೆದರೆ ಕರವಸ್ತ್ರದ ಕೆಳಗೆ ಸಿಗುವುದು ಕಾಂಡೋಮ್ ಹಾಕುವ ಬಗೆ ತೋರಿಸಲು, ತಾವು ಕೆಲಸ ಮಾಡುವ ಆರೋಗ್ಯ ಸಂಸ್ಥೆಯವರು ಕೊಟ್ಟ ಮರದ ಮಾದರಿ. ಒಮ್ಮೆ ಕಂಡಕ್ಟರ್ ಇವತ್ತೇನು ಅಡುಗೆ ಎಂದು ಕೇಳಿದಾಗ, ಮುದ್ದೆ ಎಂದು ಹೇಳಿ ಪಾರಾಗಿದ್ದರು.

ಸ್ವಲ್ಪ ಹೊತ್ತಿಗೆ ಹಸಿರು ಸೀರೆಯ ಹೆಂಗಸೊಬ್ಬರು ಅವರನ್ನು ದಾಟಿ ಹೋಗುತ್ತಾರೆ. ಹತ್ತು ಹೆಜ್ಜೆ ಬಿಟ್ಟು ದ್ಯಾಮಮ್ಮ ಹಿಂದೆ ನಡೆಯುತ್ತಾರೆ. ನೀರಿನ ಟ್ಯಾಂಕ್ ಮರೆಯಲ್ಲಿ ವಿಚಾರಿಸುವುದು, ಕಾಂಡೋಮ್ ಕೊಡುವುದು, ಮುಂದಿನ ತಪಾಸಣೆಯ ದಿನ ಹೇಳುವುದು ಎಲ್ಲ ಐದೇ ನಿಮಿಷ. ಲೈಂಗಿಕ ರೋಗಗಳ ಬಗ್ಗೆ ತಮ್ಮಂಥವರಿಗೇ ತಿಳಿಹೇಳುವ ಈ ಕೆಲಸಕ್ಕೆ ಕಾಗದದಲ್ಲಿ ಪೀರ್ ಎಜುಕೇಟರ್ ಎಂಬ ಹೆಸರಿದೆ. ಪಟ್ಟಿಯಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಅರವತ್ತೆರಡು ಹೆಂಗಸರು, ದಿನಕ್ಕೆ ಎಂಟು ಹತ್ತು ಭೇಟಿ. ಹೊರಗೆ ಸಿಕ್ಕರೆ ತಾವಾಗಿ ಮಾತಾಡಿಸುವಂತಿಲ್ಲ, ನಗುವಂತೆಯೂ ಇಲ್ಲ.

"ನನ್ ಗುರುತಿದೆ ಅಂದ್ರೆ ಅವ್ರ ಮರ್ಯಾದೆ ಹೋಗುತ್ತೆ. ಮದುವೆ ಮನೇಲಿ ಎದುರೆದುರು ಪಂಕ್ತಿಲಿ ಕೂತ್ರೂ ನಾನು ಎಲೆ ನೋಡ್ಕೊಂಡೇ ಉಣ್ತೀನಿ," ಎನ್ನುತ್ತಾರೆ.

ದ್ಯಾಮಮ್ಮನಿಗೆ ಈಗ ನಲವತ್ತೊಂಬತ್ತು. ಗಂಡ ಬಿಟ್ಟುಹೋದ ಮೇಲೆ ಹನ್ನೊಂದು ವರ್ಷ ಇದೇ ನಿಲ್ದಾಣದಲ್ಲಿ ಗಿರಾಕಿಗಳಿಗೆ ಕಾದವರು. ಎರಡನೇ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು. ಎಲ್ಲರೂ ದೃಷ್ಟಿ ಎಂದರು. ತಮಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದಿರಬಹುದು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ತರಬೇತಿಯಲ್ಲಿ ಕೂತಾಗ. "ಮೂರು ಸೂಜಿ, ಮಾರಾಯ್ರೆ. ಮೂರೇ ಸೂಜಿಗೆ ನನ್ ಕೂಸು ಉಳೀತಿತ್ತೇನೋ."

ಹಾಗಾಗಿಯೇ ಕಳೆದ ತಿಂಗಳು ಅವರ ತಲೆ ಕೆಟ್ಟು ಮೊಸರಾಗಿತ್ತು. ಪಟ್ಟಿಯಲ್ಲಿರುವ ದಿವ್ಯಶ್ರೀ ಐದು ತಿಂಗಳ ಬಸುರಿ. ಆ ಮನೆಯವರ ಹೆಸರು, ಬಡಾವಣೆಯನ್ನು ಇಲ್ಲಿ ಬದಲಿಸಲಾಗಿದೆ. ರಕ್ತಪರೀಕ್ಷೆಯಲ್ಲಿ ಸಿಫಿಲಿಸ್ ಕಂಡಿತ್ತು. ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಸೂಜಿ. ಎರಡನೆಯದಕ್ಕೆ ಮಂಗಳವಾರ ಆಕೆ ಬರಲಿಲ್ಲ, ಫೋನೂ ಆಫ್. ಎರಡು ಸೂಜಿಗಳ ನಡುವೆ ಒಂಬತ್ತು ದಿನ ದಾಟಿದರೆ ಮತ್ತೆ ಮೊದಲಿನಿಂದ ಎಂದು ವೈದ್ಯರು ಹೇಳಿದ್ದರು. ಉಳಿದದ್ದು ಎರಡೇ ದಿನ.

ಬುಧವಾರ ದ್ಯಾಮಮ್ಮ ಆಕೆಯ ಮನೆ ಹತ್ತಿರದ ಆಲ್ಕೊಳ ಸರ್ಕಲ್‌ಗೆ ಹೋಗಿ ನಿಂತರು. ಸೊಪ್ಪಿನ ಗಾಡಿಯ ಹತ್ತಿರ ದಿವ್ಯಶ್ರೀ ಕಂಡಳು. ಪಕ್ಕದಲ್ಲಿ, ಬಸುರಿ ಸೊಸೆಯನ್ನು ನೋಡಿಕೊಳ್ಳಲು ಊರಿನಿಂದ ಬಂದ ಅತ್ತೆ ಹುಚ್ಚಮ್ಮ. ಫೋನ್ ಆಫ್ ಆದದ್ದೇಕೆಂದು ಆಗ ಅರ್ಥವಾಯಿತು, ಮುಂದೇನು ಮಾಡಬೇಕೆಂದು ಮಾತ್ರ ಹೊಳೆಯಲಿಲ್ಲ. ಗುರುತು ಹೇಳಿದರೆ ಸಂಸಾರ ಹೋಗುತ್ತದೆ, ಸುಮ್ಮನಿದ್ದರೆ ಮಗು. ಬೇಡದ ಮೆಂತ್ಯ ಸೊಪ್ಪನ್ನು ಮೂರು ಸಲ ಎತ್ತಿ ಇಟ್ಟರಂತೆ.

ಕೊನೆಗೆ ಬಾಯಿಗೆ ಬಂದದ್ದು, ಗುರುತಿಲ್ಲದ ಬಸುರಿಯನ್ನೂ ಯಾವ ಹೆಂಗಸಾದರೂ ಕೇಳಬಹುದಾದ ಮಾತು: "ಎಷ್ಟು ತಿಂಗಳಮ್ಮ?"

ಐದು ತುಂಬಿತು ಎಂದು ಅತ್ತೆಯೇ ಉತ್ತರಿಸಿದರು. ದ್ಯಾಮಮ್ಮ ಸೊಪ್ಪಿನ ಕಡೆ ನೋಡುತ್ತಲೇ ಹೇಳಿದರು: "ಸೂಜಿ ಯಾವ್ದಾದ್ರೂ ನಡುವೆ ಬಿಟ್ಟಿದ್ರೆ ನಾಳೆನೇ ಹಾಕಿಸ್ಬಿಡಿ. ಬಿಟ್ರೆ ಕೂಸಿಗೆ ಒಳ್ಳೇದಲ್ಲ." ಹುಚ್ಚಮ್ಮ ಸೊಸೆಯ ಮುಖ ನೋಡಿದರು. ಸೊಸೆ ನೆಲ ನೋಡಿದಳು. ದ್ಯಾಮಮ್ಮ ಸೊಪ್ಪನ್ನು ಅಲ್ಲೇ ಬಿಟ್ಟು ಬಸ್ ಹತ್ತಿದರು. ಹುಡುಗಿಯನ್ನು ಕಾಪಾಡಿದೆನೋ, ಸಿಕ್ಕಿಸಿದೆನೋ ಎಂದು ಭದ್ರಾವತಿ ಬರುವವರೆಗೂ ಲೆಕ್ಕ ಹಾಕುತ್ತಲೇ ಇದ್ದರು.

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಹನ್ನೊಂದೂವರೆವರೆಗೆ ಕಾದರು. ಸೊಸೆಯ ಕೈ ಹಿಡಿದುಕೊಂಡು ಬಂದವರು ಹುಚ್ಚಮ್ಮನೇ. ಸೊಸೆಯನ್ನು ಒಳಗೆ ಕಳಿಸಿ, ನಿನ್ನೆ ಸೊಪ್ಪಿನ ಗಾಡಿ ಹತ್ತಿರ ಸಿಕ್ಕವರಲ್ಲವೇ ಎನ್ನುತ್ತಾ ದ್ಯಾಮಮ್ಮನ ಪಕ್ಕದಲ್ಲೇ ಕೂತರು. ಒಂದು ಸೂಜಿ ಬಾಕಿಯಿದೆ ಎಂದು ಸೊಸೆ ಮನೆಯಲ್ಲಿ ಬಾಯಿಬಿಟ್ಟಳಂತೆ. ಅದು ಯಾವ ಸೂಜಿ ಎಂದು ಹುಚ್ಚಮ್ಮ ಯಾರನ್ನೂ ಕೇಳಲಿಲ್ಲ. ಕೇಳಲು ಹೊಳೆಯಲಿಲ್ಲವೋ, ಕೇಳುವುದೇ ಬೇಡ ಎಂದುಕೊಂಡರೋ, ದ್ಯಾಮಮ್ಮನಿಗೆ ಇಂದಿಗೂ ಬಗೆಹರಿದಿಲ್ಲ.

ಮೂರನೆಯ ಸೂಜಿಯೂ ಆಗಿದೆ. ದಿವ್ಯಶ್ರೀಯ ಗಂಡನನ್ನು ಪರೀಕ್ಷೆಗೆ ಕರೆತರುವುದು ಬಾಕಿ. ಅದಕ್ಕೆ ಯಾವ ದಾರಿ ಎಂದು ತಿಳಿಯದೆ ದ್ಯಾಮಮ್ಮ ಒದ್ದಾಡುತ್ತಿದ್ದಾರೆ. "ನಾನ್ ಮಾಡಿದ್ದು ಸರೀನೋ ತಪ್ಪೋ, ಯಾರನ್ನ ಕೇಳ್ಲಿ? ನಿಯಮ ಬರೆದೋರು ಸೊಪ್ಪಿನ ಗಾಡಿ ಹತ್ರ ನಿಂತಿರಲಿಲ್ವಲ್ಲ."

ಆದರೆ ಅಂದು ಸೂಜಿ ಹಾಕಿಸಿಕೊಂಡು ಹೊರಬಂದ ದಿವ್ಯಶ್ರೀಯ ಮಾತೆತ್ತಿದರೆ ಮುಖ ಅರಳುತ್ತದೆ.

"ನನ್ ಮುಂದೇನೇ ಹಾದು ಹೋದ್ಲು. ಕಣ್ಣೆತ್ತಿ ಕೂಡ ನೋಡ್ಲಿಲ್ಲ," ಎನ್ನುತ್ತಾ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾರೆ. "ನಾನ್ ಕಲಿಸಿದ್ದು ಒಂಚೂರೂ ಮರ್ತಿಲ್ಲ ಹುಡುಗಿ."