ಅಂಗಡಿ ಮಾಳಿಗೆಯ ಸಪ್ಲೈಯರ್

ಅವರ ಹೆಸರು ನನಗೆ ಗೊತ್ತಿಲ್ಲ. ಗದಗಿನಲ್ಲಿ ಸೂಜಿಯಿಂದ ಹಿಡಿದು ಕಪಾಟಿನವರೆಗೆ ಎಲ್ಲ ಸಿಗುವ, ಅಜ್ಜಂದಿರ ಕಾಲದ ದೊಡ್ಡ ಅಂಗಡಿಯೊಂದಿತ್ತು. ಅದರ ಮಾಳಿಗೆಯ ಹೋಟೆಲಿನಲ್ಲಿ ಅವರು ಸಪ್ಲೈಯರ್. ಎಡಗೈಯನ್ನು ಬೆನ್ನಿಗಿಟ್ಟು, ತುಸು ಬಾಗಿ ನೀಡುತ್ತ ಎಲ್ಲರಿಗೂ ಒಂದೇ ಮಾತು ಹೇಳುವರು: "ಸಾವಕಾಶ ಆಗ್ಲಿರಿ."

ಗದಗ ಜಿಲ್ಲೆಯಾದ ವರ್ಷವೇ ನಾನು ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಆ ಹೆಮ್ಮೆಗೆ ನಮ್ಮೂರು ಸೊರಟೂರಿನಿಂದ ಅಪ್ಪನನ್ನು ಆ ಹೋಟೆಲಿಗೆ ಊಟಕ್ಕೆ ಕರೆತಂದೆ. ಉಂಡಾದ ಮೇಲೆ ಚಹಾ ಬಂತು. ಅಪ್ಪ ಕಪ್ಪಿನಡಿಯ ಬಸಿಗೆ ಸುರಿದುಕೊಂಡು ಸುರ್ರೆಂದು ಎಳೆದ.

"ಅಪ್ಪಾ, ಕಪ್ಪಿನ್ಯಾಗ ಕುಡಿ. ಮಂದಿ ನೋಡಾಕತ್ತಾರ," ಎಂದು ಗದರಿದೆ.

ಅಪ್ಪನ ಕೈ ಅಲ್ಲೇ ನಿಂತಿತು.

ಸಪ್ಲೈಯರ್ ಇನ್ನೊಂದು ಅಗಲ ಬಸಿ ತಂದಿಟ್ಟರು. "ಚಹಾ ಭಾಳ ಬಿಸಿ ಐತ್ರಿ ಯಜಮಾನ್ರ. ಇದರಾಗ ಹಾಕ್ಕೊರ್ರಿ. ಸಾವಕಾಶ ಆಗ್ಲಿ."

ಅಪ್ಪ ಅವರತ್ತ ನೋಡಿದ ಹಾಗೆ ನನ್ನತ್ತ ಎಂದೂ ನೋಡಿರಲಿಲ್ಲ. ನನಗೆ ಹೊಟ್ಟೆ ಉರಿಯಿತು.

"ಸಾಲಿ ಎಷ್ಟು ಕಲ್ತೀರಿ?" ಎಂದು ಅಪ್ಪ ಅವರನ್ನು ಕೇಳಿದ.

"ನಾಕನೇ ಇಯತ್ತೆರಿ, ಅಷ್ಟ."

"ಖರೇನ? ನಾ ನಿಮ್ಮನ್ನ ಡಿಗ್ರಿ ಆದವರು ಅಂತ ತಿಳದಿದ್ದೆ."

ನಾನು ಕಪ್ಪೆತ್ತಿ ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿದೆ. ನಾಲಿಗೆ ಸುಟ್ಟಿತು.