ಹುಳುಗಳ ಮನೆಯಲ್ಲಿ ನನ್ನ ಉಬ್ಬಸ

ಯುದ್ಧದ ಕಾಲ. ರೇಷ್ಮೆಗೆ ಬೆಲೆ ಬಂದಿತ್ತು, ಅಳಿಯನಿಗೆ ಬಂದಿರಲಿಲ್ಲ. ಸುಗಟೂರಿನ ಮಾವನ ಮನೆಯಲ್ಲಿ ನಡುಮನೆಯೆಲ್ಲ ರೇಷ್ಮೆ ಹುಳುಗಳದ್ದು, ನನಗೆ ಅದರದೊಂದು ಮೂಲೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಉಬ್ಬಸ ಏರುತ್ತಿತ್ತು. ಉಪಚಾರಕ್ಕಾಗಿ ನಾಟಕವಾಡುತ್ತೇನೆಂದು ಮಾವನವರ ಗುಮಾನಿ.

ಒಂದು ಮಧ್ಯಾಹ್ನ ಉಸಿರೇ ಕಟ್ಟಿದಂತಾಯಿತು. ಕೋಲಾರದ ಪಂಡಿತರು ಹೇಳಿದ್ದಂತೆ ಒಣಗಿದ ಉಮ್ಮತ್ತಿ ಎಲೆಯನ್ನು ಕೆಂಡಕ್ಕೆ ಹಾಕಿ ಹೊಗೆ ಎಳೆದುಕೊಳ್ಳಲು ಕೂತೆ. ಅತ್ತೆ ಓಡಿ ಬಂದರು.

"ಅಳಿಯಂದ್ರೇ, ಹುಳ ಗೂಡು ಕಟ್ಟೋ ಹೊತ್ತು. ಹೊಗೆ ತಾಕಿದ್ರೆ ಬೆಳೆಯೆಲ್ಲ ಹೋಗ್ತದೆ. ಆಚೆ ನಡೀರಿ."

ಕೆಂಡವನ್ನು ಅವರೇ ಬಚ್ಚಲಿಗೆ ಸುರಿದರು. ಜಗಳವಾಡಲು ನನ್ನಲ್ಲಿ ಉಸಿರಿರಲಿಲ್ಲ. ಹೋಗಿ ಹುಣಿಸೆ ಮರದಡಿ ಕೂತೆ. ಸಂಜೆಯ ಹೊತ್ತಿಗೆ ಎದೆ ತಾನಾಗಿಯೇ ಹಗುರಾಯಿತು. ಒಳಗೆ ಬಂದೆ, ಮತ್ತೆ ಏರಿತು. ಹೊರಗೆ ಹೋದೆ, ಇಳಿಯಿತು. ನನಗೆ ಆಗದಿದ್ದುದು ಆ ಹುಳುಗಳ ಸಹವಾಸವೆಂದು ಆಗ ತಿಳಿಯಿತು.

ಅಂದಿನಿಂದ ಅಲ್ಲಿ ನನ್ನ ಹಾಸಿಗೆ ಮರದಡಿಯೇ. ಉಬ್ಬಸ ಹತ್ತಿರ ಸುಳಿಯಲಿಲ್ಲ. ಆ ಸಲ ಬೆಳೆಯೂ ಚೆನ್ನಾಗಿ ಬಂತು. ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು:

"ಸದ್ಯ, ಅಳಿಯಂದಿರ ಉಬ್ಸ ನಮ್ ಹುಳಕ್ಕೆ ಅಂಟಲಿಲ್ಲ."